ಕಂಟ್ರೋಲ್ ಅಕ್ಕಿ, ಹೊಲದ ತೊಗರಿ

ಬೀದರದಿಂದ ಭಾಲ್ಕಿ ಕಡೆಗೆ ಹೊರಟ ರೈಲು ಹಲಬರ್ಗಾದಲ್ಲಿ ನಿಂತಿದ್ದು ಎರಡೇ ನಿಮಿಷ. ಇಳಿದು ಊರೊಳಗೆ ನಡೆದು, ನ್ಯಾಯಬೆಲೆ ಅಂಗಡಿ ಎಲ್ಲಿ ಎಂದು ಕೇಳಿದೆ. ಕಟ್ಟೆಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ‘ಕಂಟ್ರೋಲ್’ ಎಂದೆ. ನಾಲ್ಕು ಕೈ ಒಂದೇ ದಿಕ್ಕಿಗೆ ಎದ್ದವು.

ಅಲ್ಲಿ ಜನರಿಗಿಂತ ಮೊದಲು ಖಾಲಿ ಚೀಲಗಳು ಪಾಳಿ ಹಚ್ಚಿದ್ದವು. ಅಕ್ಕಿ ತೂಗಲು ಹೊತ್ತು ಹಿಡಿಯುವುದಿಲ್ಲ, ಹೆಬ್ಬೆಟ್ಟಿನದೇ ತಕರಾರು. ಕಳೆ ಕಿತ್ತು, ರಾಶಿ ಮಾಡಿ ಸವೆದ ಗೆರೆ ಮಶೀನಿಗೆ ಕಾಣಿಸುವುದಿಲ್ಲ. ಮುದುಕಿಯೊಬ್ಬರು ಸೆರಗಿಗೆ ಒರೆಸಿ ಒರೆಸಿ ಒತ್ತುತ್ತಿದ್ದರು. ‘ಆಯಿ, ಇನ್ನೊಂದ್ ಬಟ್ಟ ಇಡ್ರಿ’ ಎಂದ ಅಂಗಡಿಯ ಹುಡುಗ. ಕೊನೆಗೆ ಕಿರುಬೆರಳು ಒಲಿಯಿತು.

ಅನ್ನಭಾಗ್ಯ 2013ರ ಜುಲೈಯಲ್ಲಿ ಶುರುವಾದಾಗ ಕೆಜಿಗೆ 1 ರೂಪಾಯಿ; 2015ರಿಂದ ಪುಕ್ಕಟೆ. 2023ರಲ್ಲಿ ಹೆಚ್ಚುವರಿ 5 ಕೆಜಿಗೆ ಅಕ್ಕಿ ಹೊಂದಿಸಲಾಗದೆ ತಲೆಗೆ 170 ರೂಪಾಯಿ ಖಾತೆಗೆ ಬಿತ್ತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯೇ. ರೊಕ್ಕ ಬರುತ್ತಿದ್ದಾಗ ಬ್ಯಾಳಿ, ಎಣ್ಣೆ ಆಗತಿತ್ತು ಎಂದು ಪಾಳಿಯಲ್ಲಿದ್ದ ಹೆಣ್ಣುಮಗಳೊಬ್ಬಳು ಲೆಕ್ಕ ಒಪ್ಪಿಸಿದಳು. ಈಗ ಆ ಖರ್ಚಿಗೆ ಗೃಹಲಕ್ಷ್ಮಿಯ 2000 ರೂಪಾಯಿಯ ಹಾದಿ ಕಾಯಬೇಕು.

ಪುಕ್ಕಟೆ ಅಕ್ಕಿಯನ್ನು ಹಗುರವಾಗಿ ಆಡುವವರು ಉಪವಾಸ ಮಲಗಿದವರಲ್ಲ. ಆದರೆ ಇದು ಜೋಳದ ಸೀಮೆ. ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಕ್ಕೆ ಸೋಯಾ ಬಂದಿದೆ; ಅದು ತಾಟಿಗೆ ಬಾರದೆ ಎಣ್ಣೆ ಗಿರಣಿಗೆ ಹೋಗುತ್ತದೆ. ಕೂಲಿಯಿಂದ ಕತ್ತಲಾಗಿ ಬಂದವಳಿಗೆ ರೊಟ್ಟಿ ಬಡಿಯುವುದಕ್ಕಿಂತ ಕುಕ್ಕರ್ ಇಡುವುದು ಸಲೀಸು. ಹೊಟ್ಟೆ ತುಂಬುತ್ತದೆ, ಅಷ್ಟೇ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ, 65 ಮಂದಿಗೆ ರಕ್ತಹೀನತೆಯಿತ್ತು.

ಶಾಲೆಯ ಗಂಟೆ ಹೊಡೆಯಿತು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಬಂದ ಜಿಲ್ಲೆಗಳಲ್ಲಿ ಬೀದರವೂ ಒಂದು. 2021ರ ಡಿಸೆಂಬರಿನಲ್ಲಿ ಈ ಭಾಗದ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಸಿಟ್ಟಾದರು. ನಮಗೆ ಮೊಟ್ಟೆ ಬೇಕೇ ಬೇಕು ಎಂದು ಗಂಗಾವತಿಯ ಶಾಲಾ ಹುಡುಗಿಯರು ಪಟ್ಟು ಹಿಡಿದರು. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಲ್ಲಿ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ನನಗೆ ಕಂಡಂತೆ ಮೊಟ್ಟೆಯ ಗುಟ್ಟು ಅದರ ಸತ್ವದಲ್ಲಷ್ಟೇ ಇಲ್ಲ. ಮನೆಗೆ ಹೋದ ಅಕ್ಕಿ ಗಂಡನಿಗೆ, ಅತ್ತೆಗೆ, ಬೀಗರಿಗೆ ಹಂಚಿಹೋಗುತ್ತದೆ. ಮೊಟ್ಟೆ ಸುಲಿದವಳ ಬಾಯಿಗೇ ಸೇರುತ್ತದೆ. ಒಲ್ಲೆ ಎಂದವರಿಗೆ ಬಾಳೆಹಣ್ಣು.

ಊರು ದಾಟಿದರೆ ಕಾಯಿ ಹಿಡಿದ ತೊಗರಿ. ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ‘ಇಂದಿರಾ ಕಿಟ್’ ಕೊಡಲು ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿದೆ. ಈ ಹೊಲದ ಕಾಳು ಗಿರಣಿ ಸುತ್ತಿ, ಪಾಕೀಟಿನಲ್ಲಿ ಕಂಟ್ರೋಲಿಗೆ ಮರಳಿದರೂ ಮರಳೀತು. ಬದುವಿನಲ್ಲಿ ಆಯಿ ಸಿಕ್ಕರು. ಅಕ್ಕಿ ಚೀಲ ಕೆಳಗಿಟ್ಟು ಹಸಿಗಾಯಿ ಹರಿದು ಉಡಿಗೆ ತುಂಬಿಕೊಳ್ಳುತ್ತಿದ್ದರು, ಎಳ್ಳಮಾವಾಸ್ಯೆಯ ಭಜ್ಜಿಗೆ.