ವ್ರಣದ ಹುಳು ಶಾಪವಲ್ಲ

‘ಹುಳ ಬಿದ್ದು ಸಾಯಲಿ’ ಎಂಬ ಶಾಪದ ಮಾತು ನಮ್ಮ ನಾಡಿನಲ್ಲಿ ಇಂದಿಗೂ ಕೇಳಿಬರುತ್ತದೆ. ಅದರ ನೆರಳು ರೋಗಿಯ ಮೇಲೂ ಬೀಳುತ್ತದೆ. ಮಧುಮೇಹಿಯ ಪಾದದ ವ್ರಣದಲ್ಲಿ ಅಥವಾ ಹಾಸಿಗೆ ಹಿಡಿದ ವೃದ್ಧರ ಬೆನ್ನಿನ ಹುಣ್ಣಿನಲ್ಲಿ ಹುಳು ಕಂಡೊಡನೆ ಕೆಲವರು ಅದನ್ನು ಕರ್ಮಫಲವೆಂದು ಬಗೆದು, ನಾಚಿಕೆಯಿಂದ ಬಚ್ಚಿಟ್ಟು, ವೈದ್ಯರಲ್ಲಿಗೆ ಬರಲು ತಡಮಾಡುತ್ತಾರೆ. ಆ ವಿಳಂಬದಲ್ಲಿ ಕಾಲನ್ನು, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳುವುದುಂಟು. ಆದ್ದರಿಂದ ಈ ಹುಳುವಿನ ಮೂಲವನ್ನು ಭಕ್ತಬಾಂಧವರೆಲ್ಲರೂ ಅರಿತಿರುವುದು ಅವಶ್ಯಕ.

ಹುಳು ಕೀವಿನಿಂದ ಹುಟ್ಟುವುದಿಲ್ಲ, ನೊಣದಿಂದ ಬರುತ್ತದೆ. ನೊಣಗಳು ವ್ರಣದ ಮೇಲೆ ಕುಳಿತು ಕ್ರಿಮಿಗಳನ್ನು ಬಿಡುತ್ತವೆಂದು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹೇಳಿದೆ. ವ್ರಣದ 60 ಉಪಕ್ರಮಗಳಲ್ಲಿ ಕ್ರಿಮಿಘ್ನವೂ ಒಂದು. ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಸ್ಪಷ್ಟಪಡಿಸಿದವು. ತೆರೆದಿಟ್ಟ ಪಾತ್ರೆಯ ಮಾಂಸದಲ್ಲಿ ಹುಳುಗಳಾದವು. ತೆಳುಬಟ್ಟೆ ಕಟ್ಟಿದ ಪಾತ್ರೆಯಲ್ಲಿ ಮಾಂಸ ಕೊಳೆತರೂ ಹುಳುಗಳಾಗಲಿಲ್ಲ. ವ್ರಣರಕ್ಷಣೆಯ ಮೊದಲ ಪಾಠ ಈ ಬಟ್ಟೆಯಲ್ಲಿಯೇ ಇದೆ.

ಲೋಹದಂತೆ ಹೊಳೆಯುವ ಹಸಿರು ಅಥವಾ ನೀಲಿ ಮೈಯ ನೊಣವನ್ನು ತಾವೆಲ್ಲರೂ ಕಂಡಿರುತ್ತೀರಿ. ಇದು ಕ್ಯಾಲಿಫೋರಿಡೆ ಎಂಬ ಕುಟುಂಬಕ್ಕೆ ಸೇರಿದೆ. ಕೊಳೆಯುವ ಮಾಂಸಧಾತುವಿನಿಂದ ಹೊಮ್ಮುವ ಗಂಧಕಯುಕ್ತ ವಾಸನೆಯನ್ನು ಇದು ತನ್ನ ಕುಡಿಮೀಸೆಗಳಿಂದ ದೂರದಿಂದಲೇ ಗ್ರಹಿಸುತ್ತದೆ. ಇದರ ಪಾದದ ರೋಮಗಳೇ ರುಚಿಯನ್ನು ಅರಿಯುತ್ತವೆಂಬುದನ್ನು ಅಮೆರಿಕದ ವಿಜ್ಞಾನಿ ವಿನ್ಸೆಂಟ್ ಡೆಥಿಯರ್ ಅವರು ದೀರ್ಘಕಾಲ ಅಧ್ಯಯನ ಮಾಡಿದರು. ತಾಯಿನೊಣವು ಒಮ್ಮೆಗೆ ನೂರಕ್ಕೂ ಮೀರಿ ಮೊಟ್ಟೆಗಳನ್ನಿಡಬಲ್ಲದು. ಬೆಚ್ಚಗಿನ ಹವೆಯಲ್ಲಿ ಅವು ಒಂದು ದಿನದೊಳಗೆ ಒಡೆದು ಮರಿಹುಳುಗಳಾಗುತ್ತವೆ. ಅವು ಕೆಲವೇ ದಿನ ಉಂಡು, ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಕೋಶಾವಸ್ಥೆಯನ್ನು ಕಳೆದು ನೊಣಗಳಾಗುತ್ತವೆ. ನೊಣಕ್ಕೆ ವ್ರಣವು ಕೇವಲ ಸಂತಾನಕ್ಕೆ ತಕ್ಕ ಆಹಾರಸ್ಥಾನ. ಅದು ರೋಗಿಯ ಪಾಪಪುಣ್ಯಗಳನ್ನು ಎಣಿಸುವುದಿಲ್ಲ.

ಇದೇ ಹುಳುವಿನಿಂದ ಚಿಕಿತ್ಸೆಯೂ ಬೆಳೆದುಬಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಬೇರ್ ಅವರು ರಣರಂಗದಲ್ಲಿ 7 ದಿನ ಬಿದ್ದಿದ್ದ ಇಬ್ಬರು ಗಾಯಾಳುಗಳನ್ನು ಪರೀಕ್ಷಿಸಿದರು. ಹುಳುಗಳು ತುಂಬಿದ್ದರೂ ಅವರಿಗೆ ಜ್ವರವಿರಲಿಲ್ಲ. ಹುಳುಗಳನ್ನು ತೆಗೆದಾಗ ವ್ರಣದ ತಳವು ಸ್ವಚ್ಛವಾಗಿ ಕೆಂಪಗಿತ್ತು. ಮುಂದೆ ಅವರು ಮೂಳೆಯ ಸೋಂಕಿಗೆ ಈ ಚಿಕಿತ್ಸೆಯನ್ನು ಬಳಸಿದರು. ಆದರೆ ಕೆಲವರಿಗೆ ಧನುರ್ವಾತ ತಗುಲಿದುದರಿಂದ, ಕ್ರಿಮಿರಹಿತವಾಗಿ ಬೆಳೆಸಿದ ಹುಳುಗಳೇ ಬೇಕೆಂದು ಮನಗಂಡರು. ಲ್ಯುಸಿಲಿಯಾ ಸೆರಿಕೇಟಾ ಎಂಬ ಹಸಿರು ನೊಣದ ಮರಿಗಳು ಪಾಚಕ ರಸವನ್ನು ಹೊರಕ್ಕೆ ಸ್ರವಿಸಿ, ಸತ್ತ ಮಾಂಸವನ್ನು ಕರಗಿಸಿ ಹೀರುತ್ತವೆ. 2004ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದಕ್ಕೆ ಅನುಮತಿ ನೀಡಿತು. ಆದರೂ ಇದು ಸರ್ವರೋಗನಿವಾರಕವಲ್ಲ. ಬ್ರಿಟನ್ನಿನಲ್ಲಿ 267 ರೋಗಿಗಳ ಕಾಲಿನ ಹುಣ್ಣುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಳುಗಳಿಂದ ಹುಣ್ಣು ಬೇಗ ಶುದ್ಧವಾದರೂ ಬೇಗ ಮಾಯಲಿಲ್ಲ, ನೋವು ಹೆಚ್ಚಾಗಿತ್ತು.

ಇಷ್ಟನ್ನು ಓದಿ ‘ಹುಳು ತಾನೇ ಗಾಯವನ್ನು ಶುದ್ಧಮಾಡಲಿ’ ಎಂದು ಯಾರೂ ಸುಮ್ಮನಿರಬಾರದು. ಭಾರತದಲ್ಲಿ ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ಇನ್ನೊಂದು ನೊಣವಿದೆ. ಇದರ ಮರಿಗಳು ಸತ್ತ ಮಾಂಸಕ್ಕೆ ಕಾಯುವುದಿಲ್ಲ; ಜೀವಂತ ಮಾಂಸವನ್ನೇ ಕೊರೆದು ಆಳಕ್ಕಿಳಿಯುತ್ತವೆ. ದನಕರುಗಳ ಗಾಯಗಳನ್ನು ಕಾಡುವುದೂ ಇದೇ. ಮೂಗು, ಕಿವಿ, ಕಣ್ಣಿನ ಸಮೀಪ ಇವು ಸೇರಿದರೆ ಅಪಾಯ ಬಹಳ. ಈ ಎರಡು ಬಗೆಯ ಹುಳುಗಳನ್ನು ಮನೆಯಲ್ಲಿ ಬರಿಗಣ್ಣಿನಿಂದ ಬೇರ್ಪಡಿಸುವುದು ಸಾಧ್ಯವಿಲ್ಲ.

ಆದ್ದರಿಂದ ಈ ಕೆಳಗಿನ ಸಂಗತಿಗಳನ್ನು ನೆನಪಿನಲ್ಲಿಡಬೇಕು:

1. ಎಷ್ಟೇ ಚಿಕ್ಕ ಗಾಯವಾದರೂ ತೊಳೆದು, ಶುದ್ಧವಾದ ಬಟ್ಟೆಯಿಂದ ಮುಚ್ಚಿರಿ. ಪಟ್ಟಿಯು ಒದ್ದೆಯಾದರೆ ಅಥವಾ ವಾಸನೆ ಬಂದರೆ ಒಡನೆಯೇ ಬದಲಿಸಿರಿ.

2. ಮಧುಮೇಹಿಗಳ ಪಾದದಲ್ಲಿ ಸ್ಪರ್ಶಜ್ಞಾನ ಕುಗ್ಗಿರಬಹುದು, ನೋವಿಲ್ಲವೆಂದು ನಂಬಬಾರದು. ಪ್ರತಿರಾತ್ರಿ ಅಂಗಾಲು, ಬೆರಳ ಸಂದುಗಳನ್ನು ಮನೆಯವರು ನೋಡಬೇಕು.

3. ಈ ನೊಣಗಳು ಹಗಲಿನಲ್ಲಿ ಚಟುವಟಿಕೆಯಿಂದಿರುತ್ತವೆ. ಹಾಸಿಗೆ ಹಿಡಿದವರಿಗೆ ಹಗಲಿನಲ್ಲಿಯೂ ಸೊಳ್ಳೆಪರದೆ ಕಟ್ಟಿರಿ.

4. ಹುಳು ಕಂಡರೆ ಸೀಮೆಎಣ್ಣೆ, ಪೆಟ್ರೋಲ್, ಫಿನೈಲ್, ಸಗಣಿ, ಬೂದಿ ಹಾಕಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹುಳುಗಳನ್ನು ಪೂರ್ಣವಾಗಿ ತೆಗೆಯುವುದು, ಧನುರ್ವಾತದ ಚುಚ್ಚುಮದ್ದು, ರಕ್ತದ ಸಕ್ಕರೆಯ ಪರೀಕ್ಷೆ ಅಲ್ಲಿ ನಡೆಯಬೇಕು. ತ್ರಿಫಲಾ, ಬೇವಿನ ಕಷಾಯಗಳು ವ್ರಣ ತೊಳೆಯಲು ಶಾಸ್ತ್ರೋಕ್ತವಾದರೂ ಹುಳು ಬಿದ್ದ ವ್ರಣಕ್ಕೆ ಅವಷ್ಟೇ ಸಾಲವು.

5. ಮೂಗಿನಿಂದ ದುರ್ಗಂಧ, ರಕ್ತ, ಹುಳು ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ.

ಪಂಚಸೂತಕಗಳನ್ನು ನಿರಾಕರಿಸಿದ ಶರಣ ಪರಂಪರೆಯ ನಮಗೆ ಹುಳು ಬಿದ್ದ ವ್ರಣದಲ್ಲಿ ಸೂತಕವೆಲ್ಲಿಯದು? ಅಂಥ ರೋಗಿಯನ್ನು ಮೂಲೆಗೆ ಸರಿಸದೆ, ನಾಚಿಸದೆ, ವ್ರಣವನ್ನು ತೊಳೆದು ಶುಭ್ರವಸ್ತ್ರದಿಂದ ಮುಚ್ಚುವುದು ಕಾಯಕವೂ ಹೌದು, ದಾಸೋಹವೂ ಹೌದು. ನೊಣವನ್ನು ತಡೆಯಲು ಒಂದು ಗೇಣು ಬಟ್ಟೆ ಸಾಕು. ವಿಳಂಬವನ್ನು ತಡೆಯಲು ಮನೆಯವರ ತಿಳಿವು ಬೇಕು.