ಕ್ಲೋರಿನ್ ಇದ್ದರಷ್ಟೇ ಸಾಲದು

ಕಾಲರಾ, ವಿಷಮಶೀತ ಜ್ವರಗಳ ರೋಗಾಣುಗಳನ್ನು ಕೊಲ್ಲಲೆಂದೇ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ಆದರೆ ಅದರ ಶಕ್ತಿ ನೀರಿನ ಪಿಎಚ್ ಮಟ್ಟವನ್ನು ಅವಲಂಬಿಸಿದೆ. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಪರಿಣಾಮಕಾರಿ ರೂಪದಲ್ಲಿದ್ದರೆ, 8.5ರಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಆದ್ದರಿಂದ ಶುದ್ಧೀಕರಣ ಘಟಕದ ಮಾಪಕ ಎರಡನ್ನೂ ಅಳೆಯಬೇಕು.

ಪಿಎಚ್ ಅಳೆಯುವ ಕಡ್ಡಿಯ ಗಾಜಿನ ತುದಿ ಒಣಗಿದರೆ ಅಥವಾ ಕೊಳೆ ಕಟ್ಟಿದರೆ ಅಂಕಿ ತಪ್ಪುತ್ತದೆ. ಅದನ್ನು ಆಗಾಗ ತೊಳೆದು, ಪಿಎಚ್ 4 ಮತ್ತು 7ರ ದ್ರಾವಣಗಳಲ್ಲಿ ಅದ್ದಿ ಸರಿಹೊಂದಿಸಬೇಕು. ಅದರ ವೈರು ಮೋಟಾರಿನ ವೈರಿನಿಂದ ದೂರವಿರಬೇಕು. ಜೋಡಣೆಗೆ ತೇವ ತಾಗಬಾರದು.

ನಿಮ್ಮ ವಸತಿ ಸಮುಚ್ಚಯದಲ್ಲಿ ಇಂಥ ಮಾಪಕವಿದ್ದರೆ, ಕಡೆಯ ಬಾರಿ ಸರಿಹೊಂದಿಸಿದ್ದು ಯಾವಾಗ ಎಂದು ವಿಚಾರಿಸಿ. ಭಾರತೀಯ ಮಾನಕದಂತೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಿಎಚ್ 8ಕ್ಕಿಂತ ಕಡಿಮೆಯಿದ್ದು, ಕ್ಲೋರಿನ್ ಬೆರೆಸಿ ಅರ್ಧ ಗಂಟೆಯಾದರೂ ಕಳೆದಿದ್ದರೆ ಒಳ್ಳೆಯದು.