ನೆರಿಗೆಯೊಳಗಿನ ಬಿಸುಪು

ನವೆಂಬರ್ 30ರ ಸಂತ ಆಂಡ್ರ್ಯೂ ಹಬ್ಬ, ಡಿಸೆಂಬರ್ 31ರ ರಾತ್ರಿ ವರ್ಷವನ್ನು ಬೀಳ್ಕೊಡುವ ಹಾಗ್ಮನೇ, ಜನವರಿ 25ಕ್ಕೆ ಕವಿ ರಾಬರ್ಟ್ ಬರ್ನ್ಸ್ ಹುಟ್ಟುಹಬ್ಬದ ಊಟ. ಸ್ಕಾಟ್ಲೆಂಡಿನ ಗಂಡಸರು ಪೆಟ್ಟಿಗೆಯಿಂದ ಕಿಲ್ಟ್ ಎಂಬ ಮೊಣಕಾಲಿನವರೆಗಿನ ನೆರಿಗೆಯುಡುಪನ್ನು ಹೊರತೆಗೆಯುವ ಈ ಮೂರೂ ದಿನಗಳು ಬರುವುದು ಚಹಾದ ಹೊತ್ತಿಗೇ ಕತ್ತಲು ಕವಿಯುವ ಚಳಿಗಾಲದಲ್ಲಿ. ಅಲ್ಲಿನ ಬ್ರೇಮಾರ್ ಎಂಬ ಹಳ್ಳಿಯಲ್ಲಿ 1895ರಲ್ಲೊಮ್ಮೆ, 1982ರಲ್ಲೊಮ್ಮೆ ಉಷ್ಣಾಂಶ ಮೈನಸ್ 27.2 ಡಿಗ್ರಿಗೆ ಇಳಿದಿತ್ತು; ಬ್ರಿಟನ್ನಿನಲ್ಲಿ ಅದಕ್ಕಿಂತ ಕಡಿಮೆ ದಾಖಲಾಗಿಲ್ಲ. ಇಂಥ ನಾಡಿನಲ್ಲಿ ಮೊಣಕಾಲು ಬಿಟ್ಟುಕೊಂಡು ಓಡಾಡುವುದಾದರೂ ಹೇಗೆ? ‘ಅವರಿಗೆ ಅಭ್ಯಾಸವಾಗಿದೆ’ ಎಂಬ ಉತ್ತರ ಸಾಲದು. ಉತ್ತರ ಅರ್ಧ ಬಟ್ಟೆಯಲ್ಲಿದೆ, ಇನ್ನರ್ಧ ಕಾಲಿನಲ್ಲೇ ಇದೆ.

ಮೊದಲು ಬಟ್ಟೆ. ಸಾಂಪ್ರದಾಯಿಕ ಕಿಲ್ಟ್ ಒಂದಕ್ಕೆ ಎಂಟು ಗಜ, ಅಂದರೆ 7.3 ಮೀಟರ್ ಉಣ್ಣೆಯ ಬಟ್ಟೆ ಬೇಕು. ಸಾಮಾನ್ಯ ಸೀರೆಗಿಂತಲೂ ಉದ್ದ. ಸೀರೆಯ ನೆರಿಗೆ ಮುಂದೆ ಬಂದರೆ ಕಿಲ್ಟ್‌ನ ನೆರಿಗೆಗಳೆಲ್ಲ ಹಿಂದೆ, ಒತ್ತೊತ್ತಾಗಿ. ಮುಂಭಾಗದಲ್ಲಿ ಎರಡು ಚಪ್ಪಟೆ ಅಂಚುಗಳು ಒಂದರ ಮೇಲೊಂದು ಕೂರುತ್ತವೆ. ಒಬ್ಬನ ನಡುವಿನ ಸುತ್ತಳತೆ ಒಂದು ಮೀಟರ್ ಎಂದುಕೊಳ್ಳಿ, 7.3 ಮೀಟರ್ ಬಟ್ಟೆ ಅಷ್ಟರಲ್ಲಿ ಮಡಿಚಿಕೊಂಡಿದೆ ಎಂದರೆ ಸರಾಸರಿ ಏಳು ಪದರ. ಮುಂದೆ ಇರುವುದು ಎರಡೇ ಪದರವಾದ್ದರಿಂದ, ಹಿಂಭಾಗದ ನೆರಿಗೆಗಳಲ್ಲಿ ಹತ್ತಕ್ಕೂ ಹೆಚ್ಚು ಪದರ ಬೀಳುತ್ತದೆ. ತೂಕ ಸುಮಾರು ಎರಡು ಕಿಲೋ. ಯಾವ ಪ್ಯಾಂಟೂ ತೊಡೆಯ ಹಿಂದೆ ಇಷ್ಟು ಉಣ್ಣೆಯನ್ನು ಒಟ್ಟುವುದಿಲ್ಲ.

ಬೆಚ್ಚಗಿಡುವುದು ಉಣ್ಣೆಯ ಎಳೆಯಲ್ಲ, ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಅಲುಗಾಡದೆ ನಿಂತ ಗಾಳಿ ಶಾಖವನ್ನು ದಾಟಿಸುವುದರಲ್ಲಿ ಬಹಳ ಸೋಮಾರಿ; ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಶಾಖವನ್ನು ಒಯ್ಯುತ್ತದೆ. ಕುರಿಯ ಕೂದಲು ಸುರುಳಿ ಸುರುಳಿಯಾಗಿರುವುದರಿಂದ ಎಳೆಗಳು ಒಂದಕ್ಕೊಂದು ಅಂಟಿ ಮಲಗುವುದಿಲ್ಲ, ನಡುವೆ ಗಾಳಿಯ ಗೂಡುಗಳು ಉಳಿಯುತ್ತವೆ. ಪ್ರತಿ ನೆರಿಗೆಯ ಮಡಿಕೆಯೊಳಗೂ ಅಂಥದೇ ಇನ್ನೊಂದು ಗಾಳಿಯ ಪದರ.

ಕೆಳಗೆ ಪೂರ್ತಿ ತೆರೆದಿರುವ ಉಡುಪಿನಿಂದ ಬಿಸಿಯೆಲ್ಲ ಸೋರಿಹೋಗುವುದಿಲ್ಲವೆ ಎಂದು ಕೇಳಬಹುದು. ಬಿಸಿಗಾಳಿ ಹಗುರ, ಅದು ಮೇಲಕ್ಕೇರುತ್ತದೆ. ಕಿಲ್ಟ್ ಮೇಲುಗಡೆ ಸೊಂಟಕ್ಕೆ ಬಿಗಿದಿರುತ್ತದೆ. ಹೀಗಾಗಿ ತೊಡೆಗಳಿಂದ ಬಿಸಿಯಾದ ಗಾಳಿ ಬೋರಲು ಹಾಕಿದ ಕೊಳಗದಲ್ಲಿ ನಿಂತಂತೆ ಒಳಗೇ ನಿಲ್ಲುತ್ತದೆ. ಬಿಸಿಗಾಳಿಯ ಬಲೂನಿನ ಬಾಯಿಯೂ ಕೆಳಗೇ ತೆರೆದಿರುತ್ತದಲ್ಲ, ಅದೇ ನಿಯಮ. ಬಟ್ಟೆ ಭಾರವಾಗಿದ್ದಷ್ಟೂ ಈ ಕೊಳಗ ಅಲುಗದೆ ನಿಲ್ಲುತ್ತದೆ. ಹಗುರ ಬಟ್ಟೆಯ ಕಿಲ್ಟ್ ನಡೆದಾಗಲೆಲ್ಲ ಬೀಸಣಿಗೆಯಂತೆ ಬಡಿದು, ಒಳಗಿನ ಬಿಸಿಯನ್ನು ತಾನೇ ಹೊರಗೆ ತಳ್ಳುತ್ತದೆ.

ಈಗಿನ ಹೊಲಿದ ಕಿಲ್ಟ್‌ಗಿಂತ ಹಳೆಯದು ‘ದೊಡ್ಡ ಕಿಲ್ಟ್’. 16ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂದಿದ್ದ ಅದು ಹೊಲಿಗೆಯೇ ಇಲ್ಲದ ಒಂದು ಉದ್ದನೆಯ ಕಂಬಳಿ. ಗೇಲಿಕ್ ಭಾಷೆಯಲ್ಲಿ ಅದರ ಬಟ್ಟೆಗಿದ್ದ ಹೆಸರಿನ ಅರ್ಥವೂ ಕಂಬಳಿ ಎಂದೇ. ಅರ್ಧವನ್ನು ನೆರಿಗೆ ಹಿಡಿದು ಬೆಲ್ಟಿನಿಂದ ಸೊಂಟಕ್ಕೆ ಬಿಗಿಯುತ್ತಿದ್ದರು, ಉಳಿದರ್ಧ ಹೆಗಲಿಗೆ, ಮಳೆ ಬಂದರೆ ತಲೆಗೆ. ರಾತ್ರಿ ಬೆಲ್ಟ್ ಬಿಚ್ಚಿದರೆ ಅದೇ ಹಾಸಿಗೆ, ಅದೇ ಹೊದಿಕೆ. ನಮ್ಮ ಕುರುಬರು ಕರಿಕಂಬಳಿಯನ್ನು ಕೊಪ್ಪೆ ಮಾಡಿಕೊಂಡು ಮಳೆಯಲ್ಲಿ ಕುರಿ ಕಾಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

18ನೇ ಶತಮಾನದ ಮೊದಲ ಭಾಗದಲ್ಲಿ ಉತ್ತರ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿದ್ದ ಎಡ್ಮಂಡ್ ಬರ್ಟ್ ಎಂಬ ಇಂಗ್ಲಿಷ್ ಅಧಿಕಾರಿ ತನ್ನ ಪತ್ರಗಳಲ್ಲಿ ಒಂದು ಸೋಜಿಗವನ್ನು ದಾಖಲಿಸಿದ್ದಾನೆ. ಒಣಚಳಿ ಮತ್ತು ಗಾಳಿಯ ರಾತ್ರಿ ಬಯಲಲ್ಲಿ ಮಲಗಬೇಕಾಗಿ ಬಂದರೆ ಗುಡ್ಡಗಾಡಿನವರು ತಮ್ಮ ಕಂಬಳಿಯನ್ನು ತೊರೆಯಲ್ಲಿ ಅದ್ದಿ, ಒದ್ದೆಯಾಗಿಯೇ ಸುತ್ತಿಕೊಂಡು ಮಲಗುತ್ತಿದ್ದರಂತೆ. ನಂಬುವುದು ಕಷ್ಟ, ಆದರೆ ವಿಜ್ಞಾನ ಅವರ ಪರವಾಗಿದೆ. ಉಣ್ಣೆಯ ಎಳೆ ನೀರು ಕುಡಿದು ಉಬ್ಬುತ್ತದೆ, ನೇಯ್ಗೆಯ ಕಿಂಡಿಗಳು ಮುಚ್ಚಿಕೊಳ್ಳುತ್ತವೆ, ಗಾಳಿ ಒಳನುಗ್ಗುವುದು ತಗ್ಗುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಉಣ್ಣೆ ಎಳೆಯೊಳಗೇ ಅಡಗಿಸಿಕೊಳ್ಳಬಲ್ಲದು, ಹಾಗೆ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹತ್ತಿಯ ಪಂಚೆ ಒದ್ದೆಯಾದರೆ ಮೈಗಂಟಿ ಶಾಖವನ್ನು ಎಳೆದುಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟುಕೊಂಡಿರುತ್ತದೆ.

ಇನ್ನು ಕಾಲು. ಮೈಯ ದೊಡ್ಡ ಸ್ನಾಯುಗಳು ಇರುವುದು ತೊಡೆ ಮತ್ತು ಪೃಷ್ಠದಲ್ಲಿ. ಸ್ನಾಯು ಬಳಸುವ ಶಕ್ತಿಯಲ್ಲಿ ಕಾಲುಭಾಗವಷ್ಟೇ ಕೆಲಸವಾಗುತ್ತದೆ, ಮುಕ್ಕಾಲು ಭಾಗ ಶಾಖವಾಗುತ್ತದೆ. ಸುಮ್ಮನೆ ಕುಳಿತ ಮನುಷ್ಯ ನೂರು ವ್ಯಾಟ್ ಬಲ್ಬಿನಷ್ಟು ಶಾಖ ಹೊಮ್ಮಿಸಿದರೆ, ಬಿರುಸಾಗಿ ನಡೆಯುವವನು ಅದರ ಮೂರು ಪಟ್ಟು. ಕಿಲ್ಟ್ ಮುಚ್ಚುವುದು ಸರಿಯಾಗಿ ಈ ಒಲೆಯನ್ನೇ. ಮೀನಖಂಡಕ್ಕೆ ದಪ್ಪ ಉಣ್ಣೆಯ ಕಾಲುಚೀಲ ಇರುತ್ತದೆ. ತೆರೆದುಕೊಳ್ಳುವ ಮೊಣಕಾಲಿನಲ್ಲಿ ಮೂಳೆ, ಸ್ನಾಯುರಜ್ಜುಗಳೇ ಹೆಚ್ಚು, ರಕ್ತದ ಓಡಾಟ ಕಡಿಮೆ. ಜೊತೆಗೆ, ಕಾಲಿಗೆ ಇಳಿಯುವ ಬಿಸಿರಕ್ತದ ಅಪಧಮನಿಯ ಪಕ್ಕದಲ್ಲೇ ತಣ್ಣಗಾದ ರಕ್ತವನ್ನು ಮೇಲಕ್ಕೊಯ್ಯುವ ಅಭಿಧಮನಿ ಇದೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾರಿಯಲ್ಲೇ ಕೊಟ್ಟುಬಿಡುತ್ತದೆ. ಹಿಮದ ಮೇಲೆ ಬರಿಗಾಲಲ್ಲಿ ನಿಲ್ಲುವ ಬಾತುಕೋಳಿ ಬದುಕುವುದೂ ಇದೇ ಏರ್ಪಾಟಿನಿಂದ. ಮೊಣಕಾಲು ತಣ್ಣಗಾಗುತ್ತದೆ ನಿಜ, ಆದರೆ ಆ ತಂಪು ಮೈಯ ಒಳಕ್ಕೆ ತಲುಪುವುದು ಅಲ್ಪ.

ಇದೆಲ್ಲವನ್ನೂ ಸೋಲಿಸಬಲ್ಲದ್ದು ಗಾಳಿ. ಚರ್ಮಕ್ಕೆ ಅಂಟಿ ನಿಂತ ಬೆಚ್ಚನೆಯ ಗಾಳಿಪೊರೆಯನ್ನು ಅದು ಕಿತ್ತೊಯ್ಯುತ್ತದೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಬರಿಚರ್ಮಕ್ಕೆ ಮೈನಸ್ 7ರ ಅನುಭವ. ಗಾಳಿಗಿಂತ ಕ್ರೂರವಾದದ್ದು ಹೆಪ್ಪುಗಟ್ಟುವ ಒದ್ದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಿಲ್ಟ್ ತೊಟ್ಟ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಗುಡ್ಡಗಾಡಿನ) ಪಡೆಗಳ ಸೈನಿಕರು ಕೆಸರುನೀರಿನಲ್ಲಿ ದಿನಗಟ್ಟಲೆ ನಿಂತರು. ಕಿಲ್ಟ್‌ನ ಅಂಚು ಹೆಪ್ಪುಗಟ್ಟಿ ಗರಗಸದಂತಾಗಿ ಮೊಣಕಾಲಿನ ಹಿಂಬದಿಯನ್ನು ಕೊಯ್ಯಿತು. ಬೆಚ್ಚನೆಯ ನೆರಿಗೆಗಳಲ್ಲಿ ಹೇನು ತುಂಬಿಕೊಂಡವು. ನಡೆಯುತ್ತಿರುವವನ ಉಡುಪನ್ನು ನಿಂತೇ ಇರಬೇಕಾದವನಿಗೆ ತೊಡಿಸಿದ್ದು ದೊಡ್ಡ ತಪ್ಪು ಎಂದೇ ನಾನು ತಿಳಿಯುತ್ತೇನೆ. 1940ರ ಫ್ರಾನ್ಸ್ ಕಾಳಗದ ನಂತರ ಕಿಲ್ಟ್ ರಣರಂಗದಿಂದ ಮರೆಯಾಯಿತು.

ಎಡಿನ್‌ಬರೋ, ಗ್ಲಾಸ್ಗೋಗಳಲ್ಲಿ ಓದುವ, ದುಡಿಯುವ ಕನ್ನಡದ ಹುಡುಗರು ಈಗ ಗೆಳೆಯರ ಮದುವೆಗೆ, ಬರ್ನ್ಸ್ ಊಟಕ್ಕೆ ಬಾಡಿಗೆ ಕಿಲ್ಟ್ ಉಡುವುದುಂಟು. ಅವರಿಗೊಂದು ಮಾತು. ಅಂಗಡಿಯಲ್ಲಿ ಭಾರದ ಉಣ್ಣೆಯದನ್ನೇ (ಅಂಗಡಿಯವರ ಲೆಕ್ಕದಲ್ಲಿ ‘ಹದಿನಾರು ಔನ್ಸ್’ ಬಟ್ಟೆ) ಕೇಳಿ, ಪಾಲಿಯೆಸ್ಟರ್ ಬೇಡ. ಒಳಗೆ ಬಿಗಿಯಾದ ಉಣ್ಣೆ ಚಡ್ಡಿ ಹಾಕಿಕೊಳ್ಳಿ, ಅದರಿಂದ ಸಂಪ್ರದಾಯಕ್ಕೇನೂ ಊನವಿಲ್ಲ. ಕಾಲಿಗಿಂತ ಎದೆ, ಹೊಟ್ಟೆಯನ್ನು ಚೆನ್ನಾಗಿ ಬೆಚ್ಚಗಿಡಿ. ಒಡಲು ತಣ್ಣಗಾದರೆ ದೇಹ ಕೈಕಾಲುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬೆಂಚಿನ ಮೇಲೆ ಕೂರುವಾಗ ನೆರಿಗೆಗಳನ್ನು ಕೈಯಿಂದ ಸವರಿ ಅಡಿಗೆ ಹಾಸಿಕೊಂಡು ಕೂರಿ. ಬಸ್ಸಿಗೆ ಕಾಯಬೇಕಾದರೆ ನಿಲ್ಲಬೇಡಿ, ಅತ್ತಿಂದಿತ್ತ ನಡೆಯುತ್ತಿರಿ. ಮೈ ಬೆಚ್ಚಗಾಗಲೆಂದು ಹೊರಗೆ ಹೊರಡುವ ಮುನ್ನ ವಿಸ್ಕಿ ಮಾತ್ರ ಕುಡಿಯಬೇಡಿ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿಯಾದಂತೆ ತೋರಿಸುತ್ತದೆ, ಒಡಲಿನ ಶಾಖ ಆ ದಾರಿಯಲ್ಲೇ ಹೊರಟುಹೋಗುತ್ತದೆ.